ಕವಣೆಗೆ ಕೈ ಬೇಕು

ಹಾಲುಗಾಳಿನ ಜೋಳಕ್ಕೆ ಎರಗುವ ಹಕ್ಕಿಗಳನ್ನು ಓಡಿಸಲು ನಮ್ಮ ರೈತರು ನಾರು, ಬಿದಿರು, ತಗಡು, ಹಳೆ ಬಟ್ಟೆಗಳಲ್ಲಿ ಮಾಡಿಕೊಂಡ ಸಾಧನಗಳು ಹಲವು. ಹಕ್ಕಿಯನ್ನು ಕೊಲ್ಲದೆ ಬೆಳೆ ಉಳಿಸಿಕೊಂಡ ಆ ಜಾಣ್ಮೆ ಇಂದಿಗೂ ಬೇಕು. ಅದರ ಜೊತೆಗೆ ಹೊಲ ಕಾಯುವವರೂ ಬೇಕು.

ವಿಜಯಪುರ, ಬಾಗಲಕೋಟೆ, ಕಲಬುರಗಿ, ರಾಯಚೂರು ಸೀಮೆಯ ಎರೆ ಹೊಲಗಳಲ್ಲಿ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿತ್ತಿದ ಹಿಂಗಾರಿ ಜೋಳ, ವರ್ಷ ಮುಗಿಯುವ ಹೊತ್ತಿಗೆ ತೆನೆ ಬಿಚ್ಚಿ ನಿಲ್ಲುತ್ತದೆ. ಹೂವಾಡಿ ಹತ್ತು ದಿನ ಕಳೆದರೆ ಕಾಳಿನೊಳಗೆ ಹಾಲು ತುಂಬಿರುತ್ತದೆ. ಉಗುರಿನಲ್ಲಿ ಒತ್ತಿದರೆ ಬೆಳ್ಳಗೆ ಚಿಮ್ಮುತ್ತದೆ. ಅಲ್ಲಿಂದ ಕಾಳು ಬಲಿತು ಗಟ್ಟಿಯಾಗುವವರೆಗಿನ ಮೂರು–ನಾಲ್ಕು ವಾರ ರೈತರ ಮನೆಯಲ್ಲಿ ಬೇರೆ ಮಾತಿಲ್ಲ. ‘ಹಾಲುಗಾಳ ಹಿಡದೈತಿ, ನಾಳಿಂದ ಹಕ್ಕಿ ಕಾಯಾಕ ಹೋಗಬೇಕು.’ ಮಳೆ, ಬೀಜ, ಗೊಬ್ಬರ, ಕಳೆ ಎಲ್ಲ ದಾಟಿ ಬಂದ ಬೆಳೆಯನ್ನು ಉಳಿಸಿಕೊಳ್ಳುವ ಕೊನೆಯ ದುಡಿಮೆ ಇದು.

ಈ ಹಂತದ ತೆನೆ ಮನುಷ್ಯರಿಗೂ ಅಷ್ಟೇ ಇಷ್ಟ. ಎಳೆ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಶೇಂಗಾ ಹಿಂಡಿಯೊಂದಿಗೆ ಬಿಸಿಬಿಸಿ ಸೀತನಿ ತಿನ್ನಲೆಂದೇ ನೆಂಟರನ್ನು ಹೊಲಕ್ಕೆ ಕರೆಯುವ ಪದ್ಧತಿ ಉತ್ತರ ಕರ್ನಾಟಕದಲ್ಲಿದೆ. ಕಾಳಿನಲ್ಲಿ ಸಿಹಿ ಇದ್ದು, ಮೆದುವಾಗಿಯೂ ಇರುವ ದಿನಗಳು ಇವೇ. ಕರೆಯದಿದ್ದರೂ ಬರುವ ನೆಂಟರೆಂದರೆ ಗುಬ್ಬಿ, ಗಿಳಿ, ಗೀಜಗ, ಮುನಿಯ, ಪಾರಿವಾಳ. ಯುರೋಪಿನ ಪೂರ್ವಭಾಗ ಮತ್ತು ಮಧ್ಯ ಏಷ್ಯಾದಿಂದ ಚಳಿಗಾಲ ಕಳೆಯಲು ಬರುವ ಗುಲಾಬಿ ಮೈನಾಗಳ ದೊಡ್ಡ ಹಿಂಡುಗಳೂ ಜೋಳದ ಹೊಲಕ್ಕಿಳಿಯುತ್ತವೆ.

ಒಂದೊಂದು ಹಕ್ಕಿಯ ರೀತಿ ಒಂದೊಂದು. ಗುಬ್ಬಿ ತೆನೆಯ ಮೇಲೆಯೇ ಕುಳಿತು ಕಾಳು ಹಿಂಡಿ ಹಾಲು ಹೀರುತ್ತದೆ, ತೆನೆಯಲ್ಲಿ ಸಿಪ್ಪೆಯಷ್ಟೇ ಉಳಿಯುತ್ತದೆ. ಗಿಳಿ ತಿನ್ನುವುದಕ್ಕಿಂತ ಕೆಡಿಸುವುದೇ ಹೆಚ್ಚು. ತೆನೆಯನ್ನೇ ಕತ್ತರಿಸಿ ಹತ್ತಿರದ ಮರಕ್ಕೆ ಒಯ್ದು, ಒಂದಿಷ್ಟು ಕುಕ್ಕಿ, ಉಳಿದದ್ದನ್ನು ನೆಲಕ್ಕೆ ಬಿಟ್ಟು ಮತ್ತೊಂದಕ್ಕೆ ಬರುತ್ತದೆ. ಮರ ಮತ್ತು ವಿದ್ಯುತ್ ತಂತಿಗಳಿಗೆ ಹತ್ತಿರವಿರುವ ಅಂಚಿನ ಸಾಲುಗಳು ಮೊದಲು ಬರಿದಾಗುತ್ತವೆ. ಹಕ್ಕಿಗಳು ಹೆಚ್ಚು ಮೇಯುವುದು ಹೊತ್ತು ಮೂಡಿದ ಬಳಿಕದ ಎರಡು–ಮೂರು ತಾಸು, ಮತ್ತೆ ಇಳಿಹೊತ್ತಿನಲ್ಲಿ. ನಡುಮಧ್ಯಾಹ್ನ ಅವು ನೆರಳಿಗೆ ಸೇರುತ್ತವೆ. ಹೊಲ ಕಾಯುವವರ ದಿನಚರಿಯೂ ಇದಕ್ಕೆ ಹೊಂದಿಕೊಂಡಿದೆ. ಹಕ್ಕಿ ಗೂಡು ಬಿಡುವ ಮೊದಲೇ ಇವರು ಹೊಲದಲ್ಲಿರಬೇಕು.

ನಾರಿನಿಂದ ಕವಣೆ

ಹಕ್ಕಿ ಕಾಯುವವರ ಮುಖ್ಯ ಆಯುಧ ಕವಣೆ. ಉತ್ತರ ಕರ್ನಾಟಕದ ಬಾಯಲ್ಲಿ ಕವಣಿ, ಗಡಿಯಾಚೆಯ ಮರಾಠಿ ಊರುಗಳಲ್ಲಿ ಗೋಫಣ. ಇದಕ್ಕೆ ಬೇಕಾದ ಸಾಮಗ್ರಿಯೂ ಹೊಲದಲ್ಲೇ ಬೆಳೆಯುತ್ತದೆ. ಎಲೆಯನ್ನು ಪಲ್ಯಕ್ಕೆ ಬಳಸುವ ಪುಂಡಿ ಗಿಡವನ್ನು ಬಲಿಯಲು ಬಿಟ್ಟರೆ ಅದರ ಕಾಂಡದಲ್ಲಿ ಒಳ್ಳೆಯ ನಾರು ಸಿಗುತ್ತದೆ. ಕಡಿದ ಕಾಂಡಗಳನ್ನು ಸೂಡು ಕಟ್ಟಿ, ಹಳ್ಳದಲ್ಲೋ ಕೆರೆಯಲ್ಲೋ ಮುಳುಗಿಸಿ, ಮೇಲೆ ಕಲ್ಲು ಹೇರಿಡಬೇಕು. ತೊಗಟೆ ಕೊಳೆತು ಸಡಿಲಾದ ಮೇಲೆ ನಾರನ್ನು ಸುಲಿದು, ತೊಳೆದು, ಒಣಗಿಸಬೇಕು. ಪುಂಡಿ ಇಲ್ಲದ ಕಡೆ ಸಣಬು ಅಥವಾ ಬದುವಿನ ಕತ್ತಾಳೆಯ ನಾರು.

ಒಣಗಿದ ನಾರನ್ನು ತೊಡೆಯ ಮೇಲೆ ಹೊಸೆದು ಎರಡು ಹುರಿ ಮಾಡುತ್ತಾರೆ. ನಡುವೆ ಕಲ್ಲು ಕೂರುವ ಜಾಗವನ್ನು ಅಂಗೈಯಗಲ ಚಪ್ಪಟೆಯಾಗಿ ಹೆಣೆಯುತ್ತಾರೆ. ಆ ಹೆಣಿಗೆಯಲ್ಲೇ ಕೆಲಸಗಾರಿಕೆ ಇರುವುದು. ಬಿಗಿ ಹೆಚ್ಚಾದರೆ ಕಲ್ಲು ಕೂರುವುದಿಲ್ಲ, ಸಡಿಲವಾದರೆ ಬೀಸುವಾಗಲೇ ಜಾರುತ್ತದೆ. ಒಂದು ಹುರಿಯ ತುದಿಗೆ ಬೆರಳು ತೂರುವ ಕುಣಿಕೆ. ಇನ್ನೊಂದರ ತುದಿಯಲ್ಲಿ ಹೊಸೆಯದೆ ಬಿಟ್ಟ ನಾರಿನ ಕುಚ್ಚು. ಉದ್ದ ಬೀಸುವವರ ತೋಳಿಗೆ ತಕ್ಕಂತೆ ಇರಬೇಕು. ಹೀಗಾಗಿ ಅಜ್ಜನ ಕವಣೆ ಮೊಮ್ಮಗನಿಗೆ ಒಗ್ಗದು. ಪ್ರತಿಯೊಬ್ಬರಿಗೂ ಅವರವರ ಅಳತೆಯದೇ ಆಗಬೇಕು.

ಕುಣಿಕೆಯನ್ನು ಬೆರಳಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು, ತಲೆಯ ಮೇಲೆ ಒಂದೆರಡು ಸುತ್ತು ತಿರುಗಿಸಿ ಹಿಡಿದ ತುದಿಯನ್ನು ಬಿಟ್ಟರೆ ಕಲ್ಲು ಹಾರುತ್ತದೆ. ಹುರಿ ಸೇರಿ ತೋಳಿನ ಉದ್ದ ಹೆಚ್ಚಿದಂತಾಗುವುದರಿಂದ ಕಲ್ಲಿಗೆ ಬರುವ ವೇಗ ಬರಿಗೈಯ ಎಸೆತಕ್ಕೆ ಬರುವುದಿಲ್ಲ. ಕೈಯಿಂದ ಎಸೆದ ಕಲ್ಲು ಮುಟ್ಟದ ಹೊಲದ ಆ ತುದಿಯನ್ನು ಕವಣೆಯ ಕಲ್ಲು ಮುಟ್ಟುತ್ತದೆ. ಬಿಟ್ಟ ಗಳಿಗೆಯಲ್ಲೇ ನಾರಿನ ಕುಚ್ಚು ಚಟೀರೆಂದು ಸದ್ದು ಮಾಡುತ್ತದೆ. ಎತ್ತಿನ ಬಾರುಕೋಲಿನ ಚಾಟಿಯಲ್ಲೂ ಇಂಥದೇ ಸದ್ದು ಹುಟ್ಟುತ್ತದೆ. ಚಾಟಿಯ ತುದಿ ಗಾಳಿಯಲ್ಲಿ ಶಬ್ದದ ವೇಗವನ್ನೂ ಮೀರಿ ಹರಿಯುವುದು ಅದಕ್ಕೆ ಕಾರಣ. ಅನುಭವಿ ಕಾವಲುಗಾರರು ಎಷ್ಟೋ ಸಲ ಕಲ್ಲಿಲ್ಲದ ಬರಿ ಕವಣೆಯನ್ನೇ ಬೀಸುತ್ತಾರೆ. ಸದ್ದಿಗೇ ಹಿಂಡು ಏಳುತ್ತದೆ.

ಎರೆ ಹೊಲದಲ್ಲಿ ಕಲ್ಲು ಸಿಗುವುದು ಕಷ್ಟ. ಅಲ್ಲಿ ಬಳಸುವುದು ಒಣಗಿದ ಮಣ್ಣಿನ ಹೆಂಟೆ. ಹಾರುವಾಗಲೇ ಒಡೆದು ಚದುರುವ ಹೆಂಟೆಯ ಚೂರುಗಳು ಜೋಳದ ಗರಿಗಳ ಮೇಲೆ ಉದುರಿ ಸರಸರ ಸದ್ದು ಮಾಡುತ್ತವೆ. ತೆನೆಗೆ ಪೆಟ್ಟಿಲ್ಲ, ಹಕ್ಕಿಗೂ ಗಾಯವಿಲ್ಲ, ಒಂದೇ ಎಸೆತಕ್ಕೆ ಅಷ್ಟಗಲದ ಜಾಗ ಖಾಲಿ. ರಬ್ಬರಿನ ಕ್ಯಾಟರ್‌ಬಿಲ್ಲಿಗೂ ಕವಣೆಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಕ್ಯಾಟರ್‌ಬಿಲ್ಲು ಒಂದು ಹಕ್ಕಿಗೆ ಗುರಿಯಿಟ್ಟು ಹೊಡೆಯುತ್ತದೆ. ಕವಣೆ ಹಿಂಡನ್ನು ಎಬ್ಬಿಸಲು ನೋಡುತ್ತದೆ.

ಅಟ್ಟಣಿಗೆಯ ಮೇಲಿಂದ

ಜೋಳ ಆಳೆತ್ತರ ಮೀರಿ ಬೆಳೆಯುತ್ತದೆ. ನೆಲದ ಮೇಲೆ ನಿಂತವರಿಗೆ ಕಾಣುವುದು ಎದುರಿನ ದಂಟು ಮಾತ್ರ. ಆದ್ದರಿಂದ ಹೊಲದ ನಡುವೆ ನಾಲ್ಕು ಗೂಟ ನೆಟ್ಟು, ಅಡ್ಡ ಗಳಗಳನ್ನು ಹಾಸಿ, ಮೇಲೆ ದಂಟಿನ ಅಥವಾ ಹುಲ್ಲಿನ ಹೊದಿಕೆ ಹೊದಿಸಿ ಅಟ್ಟಣಿಗೆ ಕಟ್ಟುತ್ತಾರೆ. ಕೆಲವೆಡೆ ಇದನ್ನು ಮಂಚಿಕೆ ಎನ್ನುತ್ತಾರೆ. ಕಾಡುಪ್ರಾಣಿ ಕಾಯಲು ಮಲೆನಾಡಿನವರು ಕಟ್ಟುವ ಮಾಳವೂ ಇದರ ಬಳಗದ್ದೇ. ಮೇಲೆ ನಿಂತರೆ ಇಡೀ ಹೊಲ ತೆನೆಗಳ ಒಂದೇ ಹಾಸಾಗಿ ಕಾಣುತ್ತದೆ. ಎಲ್ಲಿ ತೆನೆ ಅಲುಗಿತು, ಯಾವ ಮೂಲೆಯಲ್ಲಿ ಹಿಂಡು ಇಳಿಯಿತು ಎಂಬುದು ಅಲ್ಲಿಂದಲೇ ತಿಳಿಯುತ್ತದೆ.

ಅಟ್ಟಣಿಗೆ ಹೊಲದ ಸದ್ದಿನ ಕೇಂದ್ರವೂ ಹೌದು. ಹೊಲದ ನಾಲ್ಕೂ ಮೂಲೆಗೆ ಗೂಟ ಹೂಡಿ, ಅವಕ್ಕೆ ಖಾಲಿ ಎಣ್ಣೆ ಡಬ್ಬಗಳನ್ನು ನೇತುಹಾಕಿ, ಒಳಗೆ ಒಂದಿಷ್ಟು ಹರಳು ಹಾಕಿ, ಎಲ್ಲದರ ಹಗ್ಗವನ್ನು ಅಟ್ಟಣಿಗೆಗೆ ಎಳೆದು ಕಟ್ಟಿರುತ್ತಾರೆ. ಹಕ್ಕಿ ಇಳಿದ ಮೂಲೆಯ ಹಗ್ಗ ಜಗ್ಗಿದರೆ ಸದ್ದು ಹಕ್ಕಿಯ ಪಕ್ಕದಲ್ಲೇ ಏಳುತ್ತದೆ. ಕುಳಿತಲ್ಲಿಂದ ಕದಲಲಾರದ ಮುದುಕಿಯೊಬ್ಬಳು ಎಕರೆಗಟ್ಟಲೆ ಹೊಲ ಕಾಯಬಹುದಾದ ಏರ್ಪಾಟು ಇದು. ದೂರದ ಜಪಾನಿನ ಭತ್ತದ ರೈತರೂ ಹಲಗೆಗೆ ಬಿದಿರಿನ ತುಂಡುಗಳನ್ನು ಕಟ್ಟಿ, ಹಗ್ಗ ಜಗ್ಗಿ ಸದ್ದೆಬ್ಬಿಸುವ ‘ನರುಕೊ’ ಎಂಬ ಇಂಥದೇ ಸಾಧನ ಮಾಡಿಕೊಂಡಿದ್ದರು. ಹಕ್ಕಿಯ ಸ್ವಭಾವ ಎಲ್ಲೆಡೆ ಒಂದೇ ಆಗಿರುವಾಗ ರೈತರ ಉಪಾಯಗಳೂ ಹೋಲುವುದು ಸಹಜ.

ಗಾಳಿಯಿಂದ ಸದ್ದು

ಇಡೀ ದಿನ ಹಗ್ಗ ಜಗ್ಗುವುದು, ಕೂಗು ಹಾಕುವುದು ದಣಿವಿನ ಕೆಲಸ. ಅದರಲ್ಲಿ ಒಂದಿಷ್ಟನ್ನು ರೈತರು ಗಾಳಿಗೆ ಒಪ್ಪಿಸಿದರು. ತಗಡು ಕತ್ತರಿಸಿ ರೆಕ್ಕೆ ಮಾಡಿ, ಹಳೆ ಫ್ಯಾನಿನದೋ ಸೈಕಲ್ಲಿನದೋ ಬೇರಿಂಗ್‌ಗೆ ಜೋಡಿಸಿ, ಅಚ್ಚಿಗೆ ಸರಪಳಿಯ ತುಂಡು ಮತ್ತು ಬೋಲ್ಟು ಕಟ್ಟಿ, ಅದು ತಿರುಗಿದಾಗಲೆಲ್ಲ ಹಳೆ ಸ್ಟೀಲ್ ತಟ್ಟೆಗೆ ಬಡಿಯುವಂತೆ ಮಾಡಿದ ಗಾಳಿಯಂತ್ರಗಳು ಇಂದು ಊರೂರಲ್ಲಿವೆ. ಹಳ್ಳಿಯ ಗ್ಯಾರೇಜಿನವರು ಗುಜರಿಯಿಂದಲೇ ಇದನ್ನು ಮಾಡಿಕೊಡುತ್ತಾರೆ. ಎರಡು ಖಾಲಿ ಬಾಟಲಿಗಳನ್ನು ಹತ್ತಿರ ತೂಗುಹಾಕಿ ಗಾಳಿಗೆ ತಾಕಿ ಕಿಣಿಗುಟ್ಟುವಂತೆ ಮಾಡುವುದು ಇನ್ನೂ ಸುಲಭದ ದಾರಿ.

ಹಾಡಿನ ಕ್ಯಾಸೆಟ್‌ಗಳು ಮೂಲೆಗೆ ಬಿದ್ದ ಕಾಲದಲ್ಲಿ ಅವುಗಳ ಒಳಗಿನ ರೀಲಿಗೆ ಹೊಲದಲ್ಲಿ ಹೊಸ ಕೆಲಸ ಸಿಕ್ಕಿತು. ಗೂಟದಿಂದ ಗೂಟಕ್ಕೆ ಒಂದೆರಡು ತಿರುವು ಕೊಟ್ಟು ಬಿಗಿದ ರೀಲು ಗಾಳಿಗೆ ಗುಂಯ್‌ಗುಡುತ್ತದೆ, ಬಿಸಿಲಿಗೆ ಮಿನುಗುತ್ತದೆ. ಕಣ್ಣು, ಕಿವಿ ಎರಡನ್ನೂ ಒಟ್ಟಿಗೆ ಕೆಣಕುವುದರಿಂದ ಇದರ ಪರಿಣಾಮ ಹೆಚ್ಚು. ಒಂದು ಮಗ್ಗುಲು ಕೆಂಪು, ಇನ್ನೊಂದು ಬೆಳ್ಳಿ ಬಣ್ಣವಿರುವ ಮಿನುಗುಪಟ್ಟಿಗಳನ್ನು ಕೃಷಿ ವಿಜ್ಞಾನಿಗಳು ಶಿಫಾರಸು ಮಾಡುವುದೂ ಇದೇ ತತ್ವದ ಮೇಲೆ.

ಸದ್ದಿಲ್ಲದ ಉಪಾಯಗಳೂ ಇವೆ. ಸಸಿಮಡಿಯ ಮೇಲೆ ತೆಳ್ಳನೆಯ ನೂಲನ್ನು ಅಡ್ಡಾದಿಡ್ಡಿ ಕಟ್ಟಿದರೆ ಇಳಿಯುವ ಹಕ್ಕಿಯ ರೆಕ್ಕೆಗೆ ಕಾಣದ್ದೇನೋ ತಾಕಿ ಅದು ಬೆದರುತ್ತದೆ. ಸತ್ತು ಬಿದ್ದ ಕಾಗೆಯನ್ನು ಕೋಲಿಗೆ ಕಟ್ಟಿ ಹೊಲದಲ್ಲಿ ನಿಲ್ಲಿಸಿದರೆ ಉಳಿದ ಕಾಗೆಗಳು ದೂರವೇ ಉಳಿಯುತ್ತವೆ. ಈಗ ಅದರ ಬದಲು ಕರಿ ಪ್ಲಾಸ್ಟಿಕ್ ಚೀಲ ಕಟ್ಟುವವರೂ ಇದ್ದಾರೆ. ಹೊಲದ ತೀರಾ ಅಂಚಿನ ತೆನೆಗಳನ್ನು ಅವುಗಳದೇ ಗರಿಯಿಂದ ಸುತ್ತಿ ಕಟ್ಟುವವರಿದ್ದಾರೆ. 1970ರ ದಶಕದಲ್ಲಿ ಸೂರ್ಯಕಾಂತಿ ನಮ್ಮ ಹೊಲಗಳಿಗೆ ಬಂದ ಮೇಲೆ ಗಿಳಿಗಳಿಗೆ ಎಣ್ಣೆಕಾಳಿನ ಹೊಸ ಊಟ ಸಿಕ್ಕಿತು. ಸಣ್ಣ ಹಿಡುವಳಿಯವರು ಅದರ ಹೂಗಳಿಗೂ ಹಳೆ ಬಟ್ಟೆಯ ಮುಸುಕು ಹಾಕಿದರು.

ಬೆದರುಬೊಂಬೆಯ ಮಿತಿ

ಹಕ್ಕಿ ಓಡಿಸುವ ಸಾಧನ ಎಂದರೆ ಪಟ್ಟಣದವರಿಗೆ ಮೊದಲು ನೆನಪಾಗುವುದು ಬೆದರುಬೊಂಬೆ. ಕರಾವಳಿ–ಮಲೆನಾಡಿನ ಕೆಲವೆಡೆ ಇದೇ ಬೆರ್ಚಪ್ಪ. ಎರಡು ಕೋಲುಗಳನ್ನು ಅಡ್ಡಲಾಗಿ ಕಟ್ಟಿ, ಹುಲ್ಲು ತುಂಬಿದ ಹಳೆ ಅಂಗಿ ತೊಡಿಸಿ, ಮಸಿ ಹಿಡಿದ ಗಡಿಗೆಯನ್ನು ತಲೆಯಾಗಿ ಬೋರಲು ಹಾಕಿ, ಸುಣ್ಣದಲ್ಲಿ ಕಣ್ಣು–ಬಾಯಿ ಬರೆದರೆ ಬೊಂಬೆ ಸಿದ್ಧ. ದಾರಿಹೋಕರ ದೃಷ್ಟಿ ಬೆಳೆಗೆ ತಾಗದಿರಲಿ ಎಂಬ ಇನ್ನೊಂದು ಉದ್ದೇಶವೂ ಇದಕ್ಕಿದೆ.

ಆದರೆ ಎಲ್ಲ ಸಾಧನಗಳ ಪೈಕಿ ಬೇಗ ಸೋಲುವುದೂ ಇದೇ. ಹಕ್ಕಿಗಳು ಮೊದಲ ಕೆಲವು ದಿನ ಅನುಮಾನಿಸುತ್ತವೆ. ಬೊಂಬೆ ನಿಂತಲ್ಲಿಂದ ಕದಲುವುದಿಲ್ಲ, ಬೆನ್ನಟ್ಟುವುದಿಲ್ಲ ಎಂದು ತಿಳಿದ ಮೇಲೆ ಅದರ ತೋಳಿನ ಮೇಲೆಯೇ ಬಂದು ಕೂರುತ್ತವೆ. ಪ್ರಾಣಿಗಳ ನಡವಳಿಕೆ ಅಭ್ಯಾಸ ಮಾಡುವವರು ಇದನ್ನು ರೂಢಿಗೊಳ್ಳುವಿಕೆ ಎನ್ನುತ್ತಾರೆ. ಕೆಡುಕು ತಾರದ ಎಚ್ಚರಿಕೆಯನ್ನು ಮತ್ತೆ ಮತ್ತೆ ಕಂಡ ಜೀವಿ ಅದಕ್ಕೆ ಸ್ಪಂದಿಸುವುದನ್ನೇ ಬಿಡುತ್ತದೆ. ಒಂದೇ ತಾಳದಲ್ಲಿ ಬಡಿಯುವ ಗಾಳಿಯಂತ್ರಕ್ಕೂ, ಮಿನುಗುಪಟ್ಟಿಗೂ, ಪೇಟೆಯಿಂದ ತಂದ ಧ್ವನಿಮುದ್ರಿತ ಕೂಗಿನ ಯಂತ್ರಕ್ಕೂ ಬೇಗನೆಯೋ ತಡವಾಗಿಯೋ ಬರುವ ಗತಿ ಇದೇ.

ಕವಣೆಗೆ ಈ ಗತಿ ಬರುವುದಿಲ್ಲ. ಬೀಸುವವರು ನೋಡುತ್ತಾರೆ, ಕಾಯುತ್ತಾರೆ, ಜಾಗ ಬದಲಿಸುತ್ತಾರೆ. ಹಿಂಡು ಯಾವ ಮರದಿಂದ ಬರುತ್ತದೆ ಎಂದು ಅರಿತು, ಅದು ಕಾಲೂರುವ ಮೊದಲೇ ಎಬ್ಬಿಸುತ್ತಾರೆ. ಹಳೆಯ ರೈತರು ಬೊಂಬೆಯನ್ನೂ ಸುಮ್ಮನೆ ನಿಲ್ಲಿಸಿ ಮನೆಗೆ ಹೋಗುತ್ತಿರಲಿಲ್ಲ. ಎರಡು ದಿನಕ್ಕೊಮ್ಮೆ ಸ್ಥಳ ಬದಲಿಸುತ್ತಿದ್ದರು, ಅಂಗಿ ಬದಲಿಸುತ್ತಿದ್ದರು, ತಾವೂ ಅಂಥದೇ ಬಣ್ಣದ ಅಂಗಿ ತೊಟ್ಟು ಕವಣೆ ಬೀಸುತ್ತಿದ್ದರು. ಬೊಂಬೆಗೂ ಮನುಷ್ಯನಿಗೂ ಇರುವ ವ್ಯತ್ಯಾಸ ಹಕ್ಕಿಗೆ ತಿಳಿಯದಂತೆ ಮಾಡುವುದೇ ಇದರ ಗುಟ್ಟು. ಈ ಎಲ್ಲ ಸಾಧನಗಳೂ ಹಕ್ಕಿಗೆ ಮುಟ್ಟಿಸುವ ಸುದ್ದಿ ಒಂದೇ: ಹೊಲದಲ್ಲಿ ಕಾಯುವವರಿದ್ದಾರೆ. ಆ ಸುದ್ದಿ ಆಗಾಗ ನಿಜವಾಗುತ್ತಿದ್ದರೆ ಮಾತ್ರ ಹಕ್ಕಿ ಅದನ್ನು ನಂಬುತ್ತದೆ.

ಕಾವ್ಯದೊಳಗಿನ ಕಾವಲು

ಈ ಕಾವಲಿನ ಹಳಮೆ ದೊಡ್ಡದು. ಶಾತವಾಹನ ದೊರೆ ಹಾಲನ ಹೆಸರಿನಲ್ಲಿರುವ ಪ್ರಾಕೃತದ ‘ಗಾಥಾಸಪ್ತಶತಿ’ಯಲ್ಲಿ ದಖ್ಖನಿನ ಹಳ್ಳಿಗಳ ಬಾಳು ತುಂಬಿದೆ. ಅಲ್ಲಿ ಪೈರು ಕಾಯುವ ಹೆಣ್ಣುಮಕ್ಕಳು ಬರುತ್ತಾರೆ. ಕಾಳಿದಾಸನ ‘ರಘುವಂಶ’ದ ನಾಲ್ಕನೆಯ ಸರ್ಗದಲ್ಲಿ, ಶರತ್ಕಾಲದ ಹೊಲದಲ್ಲಿ ಕಬ್ಬಿನ ನೆರಳಿಗೆ ಕುಳಿತು ಭತ್ತ ಕಾಯುವ ಹೆಂಗಸರು ರಘುವಿನ ಕೀರ್ತಿಯನ್ನು ಹಾಡುತ್ತಾರೆ. ದೊರೆಯ ಹಿರಿಮೆಯನ್ನು ಹೇಳಲು ಆಸ್ಥಾನದ ಭಟ್ಟಂಗಿಗಳಿಗಿಂತ ಹೊಲ ಕಾಯುವವರ ಹಾಡು ಕವಿಗೆ ಹೆಚ್ಚಿನ ಸಾಕ್ಷಿಯಾಗಿ ಕಂಡಿತು. ಕಳವೆಯ ಗದ್ದೆ, ಅಲ್ಲಿಗೆರಗುವ ಗಿಳಿಹಿಂಡು, ಅದನ್ನು ಸೋವುವ ಹೆಣ್ಣುಮಕ್ಕಳು ನಮ್ಮ ಹಳಗನ್ನಡ ಕಾವ್ಯಗಳ ನಾಡವರ್ಣನೆಗೂ ಪರಿಚಿತರು.

ಸಾಧನಗಳ ಹೆಸರನ್ನೇ ದಾಖಲಿಸಿದ ಕೀರ್ತಿ ತಮಿಳಿನ ಸಂಗಂ ಸಾಹಿತ್ಯದ್ದು. ಕಪಿಲರ್ ರಚಿಸಿದ ‘ಕುರಿಂಜಿಪ್ಪಾಟ್ಟು’ವಿನಲ್ಲಿ ನಾಯಕಿ ಮತ್ತು ಗೆಳತಿ ಬೆಟ್ಟದ ಹೊಲದಲ್ಲಿ ಅಟ್ಟಣಿಗೆ ಏರಿ ನವಣೆ ಕಾಯುತ್ತಾರೆ. ಗಿಳಿ ಓಡಿಸುವ ತಟ್ಟೈ, ತಳಲ್, ಕುಳಿರ್ ಎಂಬ ಸಾಧನಗಳು ಅಲ್ಲಿ ಅವರ ಕೈಯಲ್ಲಿವೆ. ತಟ್ಟೈ ಎಂದರೆ ಸೀಳಿದ ಬಿದಿರನ್ನು ಬಡಿದು ಸದ್ದು ಮಾಡುವ ಸಾಧನ. ಮುರುಗನು ಮೆಚ್ಚಿ ಮದುವೆಯಾದ ವಳ್ಳಿಯೂ ನವಣೆಯ ಹೊಲ ಕಾಯುತ್ತಿದ್ದ ಬೇಡರ ಹುಡುಗಿ. ಹಕ್ಕಿ ಕಾಯುವ ಕೆಲಸವನ್ನು ನಮ್ಮ ಪೂರ್ವಿಕರು ಕೀಳೆಂದು ಕಾಣಲಿಲ್ಲ. ಹಾಡಿಗೆ, ಪ್ರೇಮಕ್ಕೆ, ದೈವದ ಕಥೆಗೆ ಆ ಅಟ್ಟಣಿಗೆಯ ಮೇಲೆ ಜಾಗವಿತ್ತು.

ಓಡಿಸುವ ಕೈಯೇ ಉಣಿಸುತ್ತದೆ

ಜೋಳ ಹಾಲುಗಾಳಾಗುವ ದಿನಗಳ ಆಸುಪಾಸಿನಲ್ಲೇ ಎಳ್ಳ ಅಮಾವಾಸ್ಯೆ ಬರುತ್ತದೆ. ಅಂದು ಬೀದರ್, ಕಲಬುರಗಿ, ವಿಜಯಪುರದ ಕಡೆಯ ರೈತರು ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಸಜ್ಜೆ ರೊಟ್ಟಿ, ಕಡುಬು, ಹೋಳಿಗೆ, ಪಲ್ಯದ ಎಡೆ ಹಿಡಿದು, ಹೊಲದ ಸುತ್ತ ನಡೆಯುತ್ತ ಚರಗ ಚೆಲ್ಲುತ್ತಾರೆ. ಭೂತಾಯಿಗೆಂದು ಚೆಲ್ಲಿದ ಆ ಅನ್ನ ಹಕ್ಕಿ, ಇರುವೆ, ಹುಳುಗಳ ಪಾಲಾಗುತ್ತದೆ. ಬೆಳಗ್ಗೆ ಕವಣೆ ಬೀಸಿದ ಕೈಯೇ ಮಧ್ಯಾಹ್ನ ಚರಗ ಚೆಲ್ಲುತ್ತದೆ. ಹಕ್ಕಿಗೂ ಈ ನೆಲದಲ್ಲಿ ಪಾಲಿದೆ, ಆದರೆ ತೆನೆಯೆಲ್ಲ ಅದರದಲ್ಲ ಎಂಬ ಒಪ್ಪಂದ ಇದು.

ಈ ಒಪ್ಪಂದದ ಹಿಂದೆ ಲೆಕ್ಕಾಚಾರವೂ ಇದೆ. ಕಾಳು ತಿನ್ನುವ ಗುಬ್ಬಿಯೇ ಮರಿಗಳಿಗೆ ಉಣಿಸುವುದು ಹುಳುಗಳನ್ನು. ಜೋಳಕ್ಕೆ ಎರಗುವ ಗುಲಾಬಿ ಮೈನಾ ಮಿಡತೆಗಳ ದೊಡ್ಡ ವೈರಿ. ಕಡಲೆ ಹೊಲಕ್ಕೆ ಕಾಯಿಕೊರಕ ಬಿದ್ದಾಗ ನಮ್ಮ ರೈತರು ಅಲ್ಲಲ್ಲಿ ಚುರುಮುರಿ ಚೆಲ್ಲಿ ಹಕ್ಕಿಗಳನ್ನು ಕರೆಯುತ್ತಾರೆ. ಕಾಜಾಣ ಕೂರಲೆಂದು ಕವಲುಕೋಲು ನೆಡುತ್ತಾರೆ. ಒಂದು ಹೊಲದಿಂದ ಓಡಿಸಿದ ಹಕ್ಕಿಯನ್ನು ಪಕ್ಕದ ಹೊಲಕ್ಕೆ ಆಹ್ವಾನಿಸುವುದು ಹೊರಗಿನವರಿಗೆ ವಿಚಿತ್ರವಾಗಿ ಕಂಡೀತು. ಬೆಳೆಯ ಯಾವ ಹಂತದಲ್ಲಿ ಹಕ್ಕಿ ಶತ್ರು, ಯಾವ ಹಂತದಲ್ಲಿ ಮಿತ್ರ ಎಂಬುದನ್ನು ಬಲ್ಲವರ ನಡೆ ಅದು.

ಈ ವಿವೇಕ ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಚೀನಾ ಉದಾಹರಣೆ. 1958ರಲ್ಲಿ ಅಲ್ಲಿನ ಸರ್ಕಾರ ಇಲಿ, ನೊಣ, ಸೊಳ್ಳೆಗಳ ಜೊತೆ ಗುಬ್ಬಿಯನ್ನೂ ನಾಶಪಡಿಸಬೇಕಾದ ಪಿಡುಗೆಂದು ಸಾರಿತು. ಜನ ತಗಡು, ತಟ್ಟೆ, ಡೋಲು ಬಡಿಯುತ್ತ, ಗುಬ್ಬಿಗಳಿಗೆ ಎಲ್ಲೂ ಕೂರಲು ಬಿಡದೆ, ಅವು ದಣಿದು ಸತ್ತು ಬೀಳುವವರೆಗೂ ಹಾರಿಸಿದರು. ಗೂಡು ಕಿತ್ತರು, ಮೊಟ್ಟೆ ಒಡೆದರು. ಗುಬ್ಬಿಗಳು ಹೋದ ಮೇಲೆ ಮಿಡತೆ ಮತ್ತಿತರ ಕೀಟಗಳು ಬೆಳೆಯನ್ನು ಮುತ್ತಿದವು. ಆ ವರ್ಷಗಳ ಭೀಕರ ಕ್ಷಾಮಕ್ಕೆ ಇದ್ದ ಹಲವು ಕಾರಣಗಳಲ್ಲಿ ಇದೂ ಒಂದಾಯಿತು. 1960ರಲ್ಲಿ ಗುಬ್ಬಿಯನ್ನು ಪಿಡುಗುಗಳ ಪಟ್ಟಿಯಿಂದ ತೆಗೆದು ಆ ಜಾಗಕ್ಕೆ ತಿಗಣೆಯನ್ನು ಸೇರಿಸಿದರು. ನಮ್ಮ ಹೊಲಗಳಲ್ಲೂ ತಟ್ಟೆ, ಡಬ್ಬ ಬಡಿಯುತ್ತಾರೆ. ಹೊಲದ ಬದುವಿನಾಚೆ ಹಕ್ಕಿ ಕೂತರೆ ಆ ಬಡಿತ ನಿಲ್ಲುತ್ತದೆ.

ಕಾಯುವವರು ಕಡಿಮೆಯಾದರು

ಈಗಿನ ಸಂಕಟಕ್ಕೆ ಬರೋಣ. 1970ರ ಸುಮಾರಿಗೆ ದೇಶದಲ್ಲಿ 1.8 ಕೋಟಿ ಹೆಕ್ಟೇರ್‌ನಷ್ಟು ಜಾಗದಲ್ಲಿ ಜೋಳ ಬೆಳೆಯುತ್ತಿದ್ದರು. ಇಂದು ಅದು ಸುಮಾರು 40 ಲಕ್ಷ ಹೆಕ್ಟೇರ್‌ಗೆ ಇಳಿದಿದೆ. ಊರ ಸುತ್ತ ನೂರಾರು ಎಕರೆ ಜೋಳವಿದ್ದಾಗ ಹಕ್ಕಿಯ ಹಾವಳಿ ಎಲ್ಲರ ಹೊಲಕ್ಕೂ ಹಂಚಿಹೋಗುತ್ತಿತ್ತು. ಸುತ್ತ ಹತ್ತಿ, ತೊಗರಿ, ಕಬ್ಬು ತುಂಬಿ ನಡುವೆ ಒಬ್ಬರೇ ಎರಡು ಎಕರೆ ಜೋಳ ಬಿತ್ತಿದರೆ ಸೀಮೆಯ ಹಕ್ಕಿಯೆಲ್ಲ ಅಲ್ಲಿಗೇ ಬರುತ್ತದೆ. ಹಕ್ಕಿ ಕಾಟಕ್ಕೆ ಬೇಸತ್ತು ಅವರೂ ಜೋಳ ಬಿಡುತ್ತಾರೆ. ಮರುವರ್ಷ ಉಳಿದವರ ಹೊಲಕ್ಕೆ ಇನ್ನಷ್ಟು ಹಕ್ಕಿ. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ಪೌಷ್ಟಿಕತೆ, ಮಾರುಕಟ್ಟೆ, ರಫ್ತುಗಳ ಕುರಿತು ಮಾತು ಬಹಳ ನಡೆಯಿತು. ತೆನೆ ಕಾಯುವವರ ಮಾತು ಅಲ್ಲಿ ಕೇಳಿಬಂದದ್ದು ತೀರಾ ಕಡಿಮೆ.

ಕಾವಲಿನ ಹೊರೆ ಹಿಂದೆ ಹೆಚ್ಚಾಗಿ ಮಕ್ಕಳ ಹೆಗಲ ಮೇಲಿತ್ತು, ಅದರಲ್ಲೂ ಹೆಣ್ಣುಮಕ್ಕಳ ಮೇಲೆ. ಸುಗ್ಗಿಯ ತಿಂಗಳುಗಳಲ್ಲಿ ಶಾಲೆಯ ಬೆಂಚು ಖಾಲಿಯಾಗುತ್ತಿತ್ತು. ಎಷ್ಟೋ ಹುಡುಗಿಯರ ಓದು ಅಟ್ಟಣಿಗೆಯ ಮೇಲೆಯೇ ನಿಂತಿತು. ಅಂಥ ಮನೆಗಳ ಮಕ್ಕಳು ಇಂದು ಶಾಲೆಯಲ್ಲಿದ್ದಾರೆ ಎಂಬುದು ಸಂತೋಷದ ಸಂಗತಿ, ಅವರನ್ನು ಯಾರೂ ಮತ್ತೆ ಹೊಲಕ್ಕೆ ಕರೆಯಬಾರದು. ಆದರೆ ಅವರು ಬಿಟ್ಟ ಜಾಗಕ್ಕೆ ಕೂಲಿ ಕೊಟ್ಟು ಯಾರನ್ನೂ ಕರೆತರಲಿಲ್ಲ. ಹಕ್ಕಿ ಕಾಯುವುದು ಪುಕ್ಕಟೆ ಕೆಲಸ ಎಂಬ ಭಾವನೆ ಹಾಗೆಯೇ ಉಳಿದು, ಕೆಲಸವೇ ನಿಂತುಹೋಯಿತು.

ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ

ಕಾಯುವವರಿಲ್ಲದ ಜಾಗಕ್ಕೆ ಬಂದ ಹೊಸ ಸಾಧನಗಳು ಭಯ ಹುಟ್ಟಿಸುವಂಥವು. ಪಿವಿಸಿ ಪೈಪಿನಲ್ಲಿ ಮಾಡಿದ ಕಾರ್ಬೈಡ್ ಗನ್ ಈಗ ಊರೂರಲ್ಲಿ ಸಿಗುತ್ತದೆ. ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ಸೋಕಿದಾಗ ಹೊಮ್ಮುವ ಅಸಿಟಿಲೀನ್ ಅನಿಲಕ್ಕೆ ಕಿಡಿ ಹೊತ್ತಿಸಿದರೆ ಬಾಂಬಿನಂತೆ ಸಿಡಿಯುತ್ತದೆ. ಒಮ್ಮೊಮ್ಮೆ ಸಿಡಿಯಲು ತಡವಾಗುತ್ತದೆ. ಏಕೆಂದು ಬಗ್ಗಿ ಇಣುಕಿದವರ ಮುಖಕ್ಕೇ ಸಿಡಿಯುತ್ತದೆ. ಕೋತಿ, ಹಕ್ಕಿ ಓಡಿಸಲು ರೈತರು ಬಳಸುತ್ತಿದ್ದ ಈ ಸಾಧನ 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಮಕ್ಕಳ ಕೈಗೆ ಆಟಿಕೆಯಾಗಿ ಸಿಕ್ಕು, ಅನೇಕ ಮಕ್ಕಳ ಕಣ್ಣುಗಳಿಗೆ ತೀವ್ರ ಗಾಯವಾಯಿತು. ಹೊಲದ ಮನೆಯ ಮೂಲೆಯಲ್ಲಿ ಇದನ್ನು ಇಟ್ಟುಕೊಂಡವರೆಲ್ಲ ಆ ಮಕ್ಕಳನ್ನು ನೆನೆಯಬೇಕು.

ತೋಟಗಳ ಮೇಲೆ ಹೊದಿಸುವ ನೈಲಾನ್ ಬಲೆ ಸದ್ದಿಲ್ಲದೆ ಕೊಲ್ಲುತ್ತದೆ. ಬಿಗಿಯಾಗಿ ಕಟ್ಟದ ಬಲೆಗೆ ಗುಬ್ಬಿ, ಗಿಳಿಗಳ ಜೊತೆಗೆ ಇಲಿ ಹಿಡಿಯುವ ಗೂಬೆ, ಹಾವುಗಳೂ ಸಿಕ್ಕಿ ಸಾಯುತ್ತವೆ. ಬಳಿಕ ಇಲಿ ಹೆಚ್ಚಿದಾಗ ರೈತರಿಗೆ ಕಾರಣ ಹೊಳೆಯುವುದಿಲ್ಲ. ವಿಷ ಬೆರೆತ ಕಾಳು ತಿಂದು ನವಿಲುಗಳು ಸತ್ತ ಸುದ್ದಿ ಮತ್ತೆ ಮತ್ತೆ ಬರುತ್ತಿದೆ. ಬಿತ್ತಿದ ಬೀಜವನ್ನೂ ಎಳೆ ಪೈರನ್ನೂ ಕೆದಕುವ ನವಿಲಿನ ಕಾಟ ಸುಳ್ಳಲ್ಲ, ಸಣ್ಣ ರೈತರಿಗೆ ಅದು ಹೊಟ್ಟೆಯ ಮೇಲಿನ ಹೊಡೆತ. ಆದರೆ ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪಕ್ಷಿ, ಕೊಂದರೆ 3ರಿಂದ 7 ವರ್ಷದವರೆಗೆ ಜೈಲು. ಗಿಳಿಯನ್ನು ಹಿಡಿಯುವುದು, ಮಾರುವುದು, ಸಾಕುವುದೂ ಅಪರಾಧ. ಕೊಲ್ಲುವ ದಾರಿ ಕಾನೂನಿನಲ್ಲೂ ಇಲ್ಲ, ಧರ್ಮದಲ್ಲೂ ಇಲ್ಲ. ಓಡಿಸುವ ದಾರಿಯನ್ನೇ ನಾವು ಗಟ್ಟಿಮಾಡಿಕೊಳ್ಳಬೇಕು.

ಕೂಡಿ ಬಿತ್ತಿ, ಕೂಡಿ ಕಾಯೋಣ

ಹಳಬರ ಅನುಭವ, ಇಂದಿನ ವಿಜ್ಞಾನ ಎರಡೂ ಇಲ್ಲಿ ಒಂದೇ ಮಾತು ಹೇಳುತ್ತವೆ. ಮಾಡಬೇಕಾದ ಕೆಲಸಗಳು ನಾಲ್ಕು. ಮೊದಲನೆಯದು, ಅಕ್ಕಪಕ್ಕದ ರೈತರು ಒಂದೇ ವಾರದಲ್ಲಿ, ಒಂದೇ ಅವಧಿಯ ತಳಿ ಬಿತ್ತಬೇಕು. ಎಲ್ಲರ ತೆನೆಯೂ ಒಟ್ಟಿಗೆ ಹಾಲುಗಾಳಾಗಿ ಒಟ್ಟಿಗೆ ಬಲಿತರೆ ಹಾನಿ ಹಂಚಿಹೋಗುತ್ತದೆ. ಮೊದಲೇ ತೆನೆ ಬಿಚ್ಚಿದ ಒಂಟಿ ಹೊಲ ಮತ್ತು ಕೊಯ್ಲು ತಡವಾದ ಒಂಟಿ ಹೊಲ, ಹೆಚ್ಚು ಕಳೆದುಕೊಳ್ಳುವುದು ಈ ಎರಡೇ.

ಎರಡನೆಯದು, ತಳಿಯ ಆಯ್ಕೆ. ತೆನೆಯ ಮೇಲೆ ಚುಚ್ಚುವ ಸುಂಕುಳ್ಳ ಸಜ್ಜೆಗೆ ಹಕ್ಕಿ ಸುಲಭವಾಗಿ ಬಾಯಿ ಹಾಕದು. ಒಗರಿನ ಟ್ಯಾನಿನ್ ಅಂಶ ಹೆಚ್ಚಿರುವ ಕೆಂಗಂದು ಜೋಳವನ್ನು ಎಳೆಯದರಲ್ಲಿ ಹಕ್ಕಿಗಳು ದೂರವಿಡುತ್ತವೆ. ರೊಟ್ಟಿಗೆ ಮಾಲದಂಡಿ ಜೋಳವೇ ಬೇಕು ಎನ್ನುವ ನಮ್ಮ ಸೀಮೆಯಲ್ಲಿ ಇಡೀ ಹೊಲಕ್ಕೆ ಇದು ಒಗ್ಗದಿದ್ದರೂ, ಅಂಚಿನ ಸಾಲುಗಳಲ್ಲಿ ಪ್ರಯತ್ನಿಸಿ ನೋಡಬಹುದು.

ಮೂರನೆಯದು, ಸಾಧನಗಳನ್ನು ಬೆರೆಸಿ ಬಳಸುವುದು. ಎರಡು ದಿನ ರೀಲು, ಮತ್ತೆರಡು ದಿನ ಡಬ್ಬದ ಸದ್ದು, ನಡುನಡುವೆ ಬೊಂಬೆಯ ಜಾಗ ಬದಲು, ಇವೆಲ್ಲದರ ಜೊತೆ ಬೆಳಗ್ಗೆ–ಸಂಜೆ ಕವಣೆ ಹಿಡಿದ ಒಬ್ಬ ಮನುಷ್ಯ. ಹಕ್ಕಿಗೆ ರೂಢಿಯಾಗಲು ಸಮಯವೇ ಸಿಗಬಾರದು.

ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ: ಕಾವಲಿಗೆ ಕೂಲಿ. ಹಕ್ಕಿ ಕಾಯಬೇಕಾದದ್ದು ಮೂರು–ನಾಲ್ಕು ವಾರ, ದಿನಕ್ಕೆ ಬೆಳಗಿನ ಮತ್ತು ಸಂಜೆಯ ಕೆಲವು ತಾಸು. ಒಂದು ಹರವಿನ ಹತ್ತು ಮಂದಿ ರೈತರು ಸೇರಿದರೆ ಇಬ್ಬರು–ಮೂವರು ಕಾವಲುಗಾರರಿಗೆ ಗೌರವದ ಕೂಲಿ ಕೊಡುವುದು ಹೊರೆಯಾಗದು. ಭಾರದ ಕೆಲಸ ಮಾಡಲಾಗದ ಹಿರಿಯರಿಗೆ, ಜಮೀನಿಲ್ಲದ ಹೆಣ್ಣುಮಕ್ಕಳಿಗೆ ಇದು ಕೈಗೆಟುಕುವ ದುಡಿಮೆ. ರೈತ ಉತ್ಪಾದಕ ಸಂಸ್ಥೆಗಳು, ಸ್ತ್ರೀಶಕ್ತಿ ಸಂಘಗಳು ಇದನ್ನು ಕೈಗೆತ್ತಿಕೊಂಡರೆ ಹಳ್ಳಿಯಲ್ಲೇ ಒಂದು ಹಂಗಾಮಿನ ಉದ್ಯೋಗ ಹುಟ್ಟುತ್ತದೆ.

ಕವಣೆ ಹೆಣೆಯಬಲ್ಲ ಕೈಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ, ಆದರೆ ಆ ಕೈಗಳಿಗೆ ವಯಸ್ಸಾಗಿದೆ. ಧಾರವಾಡದ ಕೃಷಿ ಮೇಳಕ್ಕೆ, ಬೆಂಗಳೂರಿನ ಜಿಕೆವಿಕೆ ಮೇಳಕ್ಕೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಡ್ರೋನು, ಟ್ರ್ಯಾಕ್ಟರುಗಳ ಮಳಿಗೆಗಳ ನಡುವೆ ಪುಂಡಿ ನಾರು ಹೊಸೆದು ಕವಣೆ ಹೆಣೆಯುವ ಅಜ್ಜನಿಗೊಂದು ಜಾಗ ಕೊಡಬೇಕು, ಅವರ ಹತ್ತಿರ ಕೂತು ಕಲಿಯುವ ಯುವಕರಿಗೆ ಪ್ರೋತ್ಸಾಹ ಸಿಗಬೇಕು. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಕವಣೆ ಇಟ್ಟರೆ ನಾರು ಉಳಿದೀತು, ಬೀಸುವ ಹದ ಉಳಿಯದು.

ಊಟದ ತಟ್ಟೆಗೆ ಬರುವ ಬಿಳಿಜೋಳದ ರೊಟ್ಟಿಯ ಬೆಲೆಯಲ್ಲಿ ಬೀಜ, ಗೊಬ್ಬರ, ಕೊಯ್ಲು, ಸಾಗಣೆಯ ಲೆಕ್ಕವೆಲ್ಲ ಸೇರಿರುತ್ತದೆ. ಹಕ್ಕಿ ಕಾದವರ ದುಡಿಮೆ ಆ ಲೆಕ್ಕದಲ್ಲಿಲ್ಲ. ಸಾಗುವಳಿ ವೆಚ್ಚ ಲೆಕ್ಕ ಹಾಕುವ ಅಧಿಕಾರಿಗಳೂ, ಜೋಳಕ್ಕೆ ದರ ಕಟ್ಟುವ ವ್ಯಾಪಾರಿಗಳೂ, ರೊಟ್ಟಿ ಕೊಂಡು ತಿನ್ನುವ ನಾವೂ ಆ ನಾಲ್ಕು ವಾರಗಳ ಕಾವಲನ್ನು ಬೆಳೆಯ ಖರ್ಚಿನಲ್ಲಿ ಸೇರಿಸಿಕೊಳ್ಳಬೇಕು. ಕಾಯುವವರಿಗೆ ಅನ್ನ ಸಿಕ್ಕರೆ ಜೋಳವೂ ಹೊಲದಲ್ಲಿ ಉಳಿಯುತ್ತದೆ, ಹಕ್ಕಿಯೂ ಜೀವಂತ ಉಳಿಯುತ್ತದೆ.